ನೋಡಿ ಕೊಡು

ಆ ದಿನ ಬೆಳಗಾದಾಗಿನಿಂದ ಗಾಳಿ. ಮೋಡವಿರಲಿಲ್ಲ, ಮಳೆಯ ಸುಳಿವಿರಲಿಲ್ಲ, ಬಿಸಿಲು ತನ್ನ ಪಾಡಿಗೆ ತಾನು ಬಿದ್ದಿತ್ತು. ಗಾಳಿಯೊಂದು ಮಾತ್ರ ಯಾರ ಮೇಲಿನ ಸಿಟ್ಟನ್ನೋ ಬೀದಿಯ ಮೇಲೆ ತೀರಿಸಿಕೊಳ್ಳುತ್ತಿತ್ತು. ಒಣಹಾಕಿದ ಬಟ್ಟೆಗಳು ಹಗ್ಗಕ್ಕೇ ಸುತ್ತಿಕೊಂಡಿದ್ದವು. ಅಂಗಡಿಗಳ ಬೋರ್ಡುಗಳು ಮೊಳೆ ಕಿತ್ತುಕೊಂಡು ಹೊರಡುವ ಹವಣಿಕೆಯಲ್ಲಿದ್ದವು.

ರೆಕಾರ್ಡಿಂಗ್ ಕೋಣೆ ಇದ್ದದ್ದು ಬಟ್ಟೆಯ ಗೋದಾಮೊಂದರ ಮಹಡಿಯಲ್ಲಿ. ಒಳಗೋಡೆಗೆಲ್ಲ ಸ್ಪಂಜು, ಬಾಗಿಲಿಗೆ ದಪ್ಪ ಕಂಬಳಿ, ಕಿಟಕಿಯ ಸಂದಿಗೆ ಚಿಂದಿ. ಸದ್ದು ಒಳಗೆ ಬಾರದಿರಲಿ ಎಂದು ಮನುಷ್ಯನ ಕೈಲಾದದ್ದನ್ನೆಲ್ಲ ಮಾಡಿದ್ದಾಗಿತ್ತು. ಆದರೆ ಮೇಲೆ ಮಾಡಿನ ತಗಡಿನ ಹಾಳೆಯೊಂದು ಸಡಿಲವಾಗಿತ್ತು. ಗಾಳಿ ಬೀಸಿದಾಗಲೆಲ್ಲ ಅದು ಢಬಢಬ ಎನ್ನುತ್ತಿತ್ತು.

"ಇದು ಸುಮ್ಮನಾಗೋ ತನಕ ಏನೂ ಮಾಡೋಕಾಗಲ್ಲಮ್ಮ," ಎಂದ ರೆಕಾರ್ಡಿಂಗ್‌ನವನು. ಸ್ಥೂಲಕಾಯದ, ನಿಧಾನದ ಮನುಷ್ಯ. "ಮೈಕಿಗೆ ನಿಮ್ಮ ಹಾಡೂ ಒಂದೇ, ನಮ್ಮ ತಗಡೂ ಒಂದೇ. ಎರಡನ್ನೂ ಹಿಡ್ಕೊಂಡುಬಿಡತ್ತೆ. ಕೂತ್ಕೊಳ್ಳಿ, ಕಾಯೋಣ."

ಹೀಗಾಗಿ, ಒಂದೇ ಕೋಣೆಯಲ್ಲಿ ಕೂರದಿರಲು ಎಷ್ಟೋ ವರ್ಷಗಳಿಂದ ಎಚ್ಚರ ವಹಿಸಿದ್ದ ಇಬ್ಬರು ಗಂಡಸರು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರಬೇಕಾಯಿತು. ನಡುವೆ ಕೂತವಳು ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ.

ಅವಳ ಗಂಡ ಕವಿ. ಹಾಗೆಂದರೆ ಅವನಿಗೇ ಕಸಿವಿಸಿ. ಹೊಟ್ಟೆಪಾಡಿಗೆ ಅವನು ಮುದ್ರಣಾಲಯದಲ್ಲಿ ಪ್ರೂಫು ನೋಡುತ್ತಿದ್ದ. ಅಚ್ಚಿಗೆ ಹೋಗುವ ಹಾಳೆಯಲ್ಲಿ ಒಂದು ಒತ್ತು ಜಾರಿದ್ದರೂ ಅವನ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅವಳ ತಮ್ಮ ಪಿಯಾನೊ, ಹಾರ್ಮೋನಿಯಮ್‌ಗಳ ಶ್ರುತಿ ಸರಿಮಾಡುವವನು. ಜೊತೆಗೆ ಹಾಡುಗಳಿಗೆ ಮಟ್ಟು ಹಾಕುತ್ತಿದ್ದ. ಭಾವ ಮಾತು ಬರೆದು, ಭಾವಮೈದುನ ಮಟ್ಟು ಹಾಕಿ, ಅಕ್ಕ ಹಾಡಿದ ಹಾಡು ಒಂದೇ ಒಂದು. ಆ ಒಂದು ಹಾಡೇ ಮೂವರ ಮನೆಯನ್ನು ಎರಡಾಗಿ ಸೀಳಿತ್ತು.

ಹಾಡು ಬಲು ಚಿಕ್ಕದು.

ಬೆಳಕಿರುವಷ್ಟು ಹೊತ್ತು ಕೆಲಸ ಕೊಡು,
ಕೆಲಸ ಮುಗಿದ ಮೇಲೆ ನೆರಳು ಕೊಡು,
ಕೇಳಲು ಬಾಯಿ ಸೋತ ಹೊತ್ತು
ಕೈ ಚಾಚಿರುವೆ, ನೋಡಿ ಕೊಡು.

ಪ್ರಾರ್ಥನಾ ಮಂದಿರದ ಹೊಸ ಕಟ್ಟಡ ತೆರೆದ ದಿನ ಅದನ್ನು ಮೊದಲು ಹಾಡಿದ್ದು. ಮೊದಲೆರಡು 'ಕೊಡು' ನೆಟ್ಟಗೆ ಬಂದವು. ಕೊನೆಯ 'ಕೊಡು' ಬಂದಾಗ ಮಟ್ಟು ಮೇಲಕ್ಕೆ ಹತ್ತಿ, ಅಲ್ಲೇ ನಿಂತು, ನಿಧಾನಕ್ಕೆ ಇಳಿಯುತ್ತಿತ್ತು. ಹತ್ತಿ ನಿಂತದ್ದು 'ಕೊ' ಮೇಲೆ. ನಿಂತ ಅಕ್ಷರ ದೀರ್ಘವಾಗದೆ ಇನ್ನೇನಾದೀತು? ಅಕ್ಕ ಕಣ್ಣು ಮುಚ್ಚಿ, ಮೈಮರೆತು, ದೇವರ ಮುಂದೆ ಹಾಡಿದಳು: ನೋಡಿ ಕೋ... ಡು.

ನೋಡಿ, ಕೋಡು!

ಮುಂದಿನ ಸಾಲಿನಲ್ಲಿದ್ದ ಮಕ್ಕಳು ಕೋಡು ಎಲ್ಲಿದೆ ಎಂದು ತಿರುಗಿ ನೋಡಿದರು. ಒಂದು ಮಗು ಎರಡು ಬೆರಳನ್ನು ತಲೆಯ ಮೇಲಿಟ್ಟುಕೊಂಡು ಅಕ್ಕಪಕ್ಕದವರಿಗೆ ತೋರಿಸಿತು. ಮಕ್ಕಳ ನಗು ದೊಡ್ಡವರಿಗೆ ಅಂಟಿತು. ದೊಡ್ಡವರು ತಡೆದುಕೊಳ್ಳಲು ಹೋಗಿ ಇನ್ನೂ ಜೋರಾಗಿ ಸಿಡಿದರು. ಮಂದಿರದ ಪೂಜ್ಯರು ಕೆಮ್ಮಿದಂತೆ ಮಾಡಿದರು. ಅಂದಿನಿಂದ ಭಾವನಿಗೆ ಕೋಡಯ್ಯ ಎಂಬ ಹೆಸರು ಬಿತ್ತು. ಮುದ್ರಣಾಲಯದಲ್ಲಿ ಅವನು ಯಾರದಾದರೂ ತಪ್ಪು ಹಿಡಿದರೆ, "ಏನು ಮಾಡೋದು, ಅವರಿಗೆ ಕೋಡು ಬಂದಿದೆಯಲ್ಲ" ಎಂಬ ಮಾತು ಹಿಂದಿನಿಂದ ಬರುತ್ತಿತ್ತು. ಅವನು ಆಮೇಲೆ ಒಂದು ಸಾಲೂ ಬರೆಯಲಿಲ್ಲ.

ಮಂದಿರ ತೆರೆದ ದಿನದ ಸಂಜೆ ಮನೆಯಲ್ಲಿ ಜಗಳವಾದಾಗ ಅವನ ಕೈಗೆ ಸಿಕ್ಕಿದ್ದು ಮೈದುನನ ಶ್ರುತಿಕವೆ. ಉಕ್ಕಿನದು, ಒಂದು ಹಿಡಿ, ಮೇಲೆ ಎರಡು ಕವಲು. ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದರೆ ಒಂದೇ ಒಂದು ಸ್ವರ ನುಡಿಯುತ್ತಿತ್ತು. ಮೈದುನನಿಗೆ ವಿದ್ಯೆ ಕಲಿಸಿದ ಗುರು ಸಾಯುವ ಮುಂಚೆ ಕೈಯಲ್ಲಿಟ್ಟು ಹೋದದ್ದು. "ನಿನಗೂ ಎರಡು ಕೋಡು ಬೇಕಿತ್ತಲ್ಲ, ಇಲ್ಲಿದೆ ನೋಡು!" ಎಂದು ಭಾವ ಅದನ್ನು ಕಿತ್ತುಕೊಂಡು ತನ್ನ ಮೇಜಿನ ಖಾನೆಗೆ ಹಾಕಿ ಬೀಗ ಜಡಿದ. ಮೈದುನ ಅದೇ ರಾತ್ರಿ ಮನೆ ಬಿಟ್ಟು ಬೇರೆ ಕೋಣೆ ಹಿಡಿದ. ಕೊಟ್ಟುಬಿಡಿ ರೀ, ಅದು ಅವನ ಗುರುವಿನದು ಎಂದು ಅಕ್ಕ ಹೇಳಿದಾಗಲೆಲ್ಲ ಭಾವನ ಉತ್ತರ ಒಂದೇ: "ನನ್ನ ಹ್ರಸ್ವ ಅವನ ಹತ್ತಿರ ಇದೆ. ಅದನ್ನ ಕೊಡ್ಲಿ, ಇದನ್ನ ತಗೊಂಡು ಹೋಗ್ಲಿ."

ಈಗ ಮಂದಿರದವರು ಆ ಹಾಡನ್ನು ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿಸಿ, ಹಾಸಿಗೆ ಹಿಡಿದವರ ಮನೆಗಳಿಗೆ ಕಳಿಸಬೇಕೆಂದಿದ್ದರು. ಎದ್ದು ಮಂದಿರಕ್ಕೆ ಬರಲಾರದವರ ಬಳಿಗೆ ಪ್ರಾರ್ಥನೆಯೇ ಎದ್ದು ಹೋಗಲಿ ಎಂದು. ಭಾವ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಕೊನೆಯ ಅಕ್ಷರ ಹ್ರಸ್ವವಾಗಬೇಕು, ಇಲ್ಲವಾದರೆ ತನ್ನ ಪದ್ಯ ತನಗೆ ವಾಪಸ್ಸು. ಇವತ್ತು ಯಂತ್ರದೊಳಗೆ ಹೋದದ್ದು ಆಮೇಲೆ ಯಾರ ಕೆಂಪು ಪೆನ್ನಿಗೂ ಸಿಕ್ಕುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿತ್ತು, ಅದರ ಪಕ್ಕದಲ್ಲಿ ಕರವಸ್ತ್ರ ಸುತ್ತಿದ ಶ್ರುತಿಕವೆ. ಇವತ್ತು ಲೆಕ್ಕ ಚುಕ್ತಾ ಮಾಡಿಯೇ ಮನೆಗೆ ಹೋಗುವುದೆಂದು ಬಂದಿದ್ದ.

ಕೋಣೆಯ ನಡುವೆ ಸ್ಟ್ಯಾಂಡಿನ ಮೇಲೆ ಹಾಡಿನ ಹಾಳೆ ಇತ್ತು. ಮೈದುನ ಕೊನೆಯ 'ಕೊ'ಗೆ ಪೆನ್ಸಿಲಿನಲ್ಲಿ ದೀರ್ಘ ಎಳೆದಿದ್ದ. ಭಾವ ಒಳಗೆ ಕಾಲಿಟ್ಟವನೇ, ಚಪ್ಪಲಿ ಬಿಡುವ ಮುಂಚೆಯೇ, ಆ ದೀರ್ಘವನ್ನು ಕೆಂಪಿನಲ್ಲಿ ಹೊಡೆದುಹಾಕಿದ್ದ.

ತಗಡು ಢಬ ಎಂದಿತು.

"ಅಕ್ಕ," ಎಂದ ಮೈದುನ, ಭಾವನ ಕಡೆ ನೋಡದೆ. "ನಿನ್ನ ಯಜಮಾನರಿಗೆ ಹೇಳು. ಇದು ಪ್ರೂಫ್ ಶೀಟಲ್ಲ, ಹಾಡು."

"ನಿನ್ನ ತಮ್ಮನಿಗೆ ಹೇಳು," ಎಂದ ಭಾವ, "ಹಾಡಾದ್ರೂ ಕನ್ನಡದಲ್ಲೇ ಇರೋದು."

"ನಾನೇನು ಗಂಟಲು ಬಾಡಿಗೆಗೆ ಕೊಟ್ಟಿದೀನಾ?" ಎಂದಳು ಅಕ್ಕ. "ನೀವೇ ಹೇಳ್ಕೊಳ್ಳಿ. ನಾನು ಹಾಡೋಕೆ ಬಂದಿರೋದು."

ರೆಕಾರ್ಡಿಂಗ್‌ನವನು ಗಾಜಿನಾಚೆಯ ತನ್ನ ಕುರ್ಚಿಯಿಂದ ಬಗ್ಗಿ, "ಮೈಕು ಆಫ್ ಇದೆ ಸಾರ್. ಧಾರಾಳವಾಗಿ ಬೈದಾಡ್ಕೊಳ್ಳಿ," ಎಂದು ಪ್ರೋತ್ಸಾಹ ಕೊಟ್ಟ.

ಮೈದುನ ತಿರುಗಿ ಕೂತ. "ಭಾವ, ಒಂದು ಮಾತು ಕೇಳ್ತೀನಿ. 'ನೀಡು' ಅಂತ ಹಾಕಿದ್ರೆ ನಿಮ್ಮ ಗಂಟೇನು ಹೋಗತ್ತೆ? ನೋಡಿ ನೀಡು. ದೀರ್ಘ ಅಲ್ಲೇ ಇದೆ. ನನ್ನ ಮಟ್ಟಿಗೆ ಸರಿಯಾಗಿ ಕೂರತ್ತೆ. ಕೋಡೂ ಇಲ್ಲ, ಬಾಲವೂ ಇಲ್ಲ."

"ನೀಡು!" ಭಾವನ ಮೂಗು ಅರಳಿತು. "ಅರ್ಜಿ ಬರೆಯೋನು ನೀಡಬೇಕಾಗಿ ವಿನಂತಿ ಅಂತಾನೆ. ಹಸಿದ ಮಗು ತಾಯಿ ಹತ್ತಿರ 'ಅಮ್ಮಾ ನೀಡು' ಅನ್ನತ್ತಾ? ನೀನು ಚಿಕ್ಕೋನಿದ್ದಾಗ ನಿಮ್ಮಕ್ಕನ ಹತ್ತಿರ ಹಾಗೆ ಕೇಳ್ತಿದ್ದೆಯೇನಯ್ಯ?"

"ಕೇಳ್ತಾನೇ ಇರ್ಲಿಲ್ಲ, ಕಿತ್ಕೊಳ್ತಿದ್ದ," ಎಂದಳು ಅಕ್ಕ.

"ಕಿತ್ಕೊಳ್ಳೋ ವಿದ್ಯೆ ಈ ಮನೇಲಿ ಯಾರಿಗೆ ಚೆನ್ನಾಗಿ ಬರತ್ತೆ ಅಂತ ಊರಿಗೆಲ್ಲ ಗೊತ್ತು," ಎಂದ ಮೈದುನ.

ಭಾವನ ಕೈ ತಾನಾಗಿ ಜೇಬಿಗೆ ಹೋಯಿತು. ತೆಗೆಯಲಿಲ್ಲ. "ಹಾಗಾದ್ರೆ 'ಡು' ಮೇಲೆ ನಿಲ್ಸು. ಕೊಡೂ ಅಂತ ಎಳಿ. ಬೀದೀಲಿ ಕೂಗಿ ಕರೆಯೋರು ಎಳೆಯಲ್ವಾ? ಅರ್ಥ ಕೆಡಲ್ಲ."

"ಅರ್ಥ ಕೆಡಲ್ಲ, ದನಿ ಕೆಡತ್ತೆ. 'ಡು' ಅನ್ನೋವಾಗ ತುಟಿ ಮುಂದೆ ಬಂದು ಬಾಯಿ ಮುಚ್ಕೊಳ್ಳತ್ತೆ. ಮೇಲಿನ ಸ್ವರದಲ್ಲಿ ಬಾಯಿ ಮುಚ್ಚಿದ್ರೆ ಮೂಗಲ್ಲಿ ಹಾಡ್ಬೇಕು. ಅಕ್ಕ ಸೊಳ್ಳೆ ಥರ ಕೇಳಿಸ್ತಾಳೆ."

"ಸೊಳ್ಳೆ ನೀನು," ಎಂದಳು ಅಕ್ಕ ತಣ್ಣಗೆ.

"ಮೊದಲೆರಡು ಕಡೆ ಹ್ರಸ್ವ ಇಟ್ಟಿದೀಯ," ಭಾವ ಎದ್ದು ನಿಂತ. ಸ್ಟ್ಯಾಂಡಿನ ಹಾಳೆಯ ಮೇಲೆ ಬೆರಳಿಟ್ಟ. "ಕೆಲಸ ಕೊಡು. ಸರಿ. ನೆರಳು ಕೊಡು. ಸರಿ. ಮೂರನೇದಕ್ಕೆ ಬಂದಾಗ ಏನು ರೋಗ ಬಡೀತು ನಿನಗೆ? 'ಡ'ಕ್ಕೆ ಕೊಂಬು ನಾನೇ ಕೊಟ್ಟಿದ್ದೆ. ಸಾಲದು ಅಂತ 'ಕ'ಕ್ಕೆ ನೀನು ಕೋಡು ಕೊಟ್ಟೆ. ಮಟ್ಟು ಹಾಕಯ್ಯಾ ಅಂದ್ರೆ ನನ್ನ ಮಾತನ್ನೇ ಮಟ್ಟ ಹಾಕ್ದೆ."

"ನಿಮ್ಮ ಮಾತು ನಾನು ಕೆಡಿಸ್ಲಿಲ್ಲ."

"ಇಡೀ ಮಂದಿರ ನಕ್ಕಿತಲ್ಲೋ! ಮಕ್ಕಳು ತಲೆ ಮೇಲೆ ಬೆರಳು ಇಟ್ಕೊಂಡ್ರಲ್ಲೋ! ನನ್ನ ತಾಯಿ ಸತ್ತು ವರ್ಷ ತುಂಬಿರಲಿಲ್ಲ. ಅವಳಿಗೋಸ್ಕರ ಬರೆದ ಸಾಲು ಅದು. ಕೊನೇ ದಿನಗಳಲ್ಲಿ ಅವಳ ಬಾಯಲ್ಲಿ ಉಳಿದಿದ್ದು ಆ ಒಂದೇ ಪದ. ನೀರಿಗೂ ಅದೇ, ಹೊದಿಕೆಗೂ ಅದೇ, ದೇವರಿಗೂ ಅದೇ. ಆ ಪದಾನ ನಗೆಪಾಟಲು ಮಾಡ್ದೆ ನೀನು."

ಅವನ ದನಿ ಒಡೆಯಿತು. ಒಡೆದದ್ದು ಯಾರಿಗೂ ಗೊತ್ತಾಗದಿರಲೆಂದು ಸಿಟ್ಟನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ. "ಅವಳ ಬಾಯಿಗೆ ಕೋಡು ಇಟ್ಟೆಯಲ್ಲೋ, ಪಾಪಿ!"

ಮೈದುನನೂ ಎದ್ದ. ಇಷ್ಟು ಹೊತ್ತು ಅವನ ಮಾತಿನಲ್ಲಿ ಕುಹಕವಿತ್ತು; ಈಗ ಅದೂ ಇರಲಿಲ್ಲ.

"ನಾನು ಇಟ್ಟೆನಾ? ಅತ್ತೆ ಬಾಯಿಂದ ಬಂದಿದ್ದನ್ನ ಬಂದ ಹಾಗೇ ಇಟ್ಟೆ. ಅದನ್ನ ಹೊಡೆದು ಹಾಕ್ತಿರೋರು ನೀವು. ನಿಮಗೆ ನಾಚಿಕೆ. ತಾಯಿ ನಾಲಿಗೆ ತಿರುಗ್ತಿರ್ಲಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ನಿಮಗೆ ನಾಚಿಕೆ. ಹೆತ್ತ ತಾಯಿ ಕೊನೇ ಮಾತಿಗೂ ಪ್ರೂಫು ತಿದ್ದಿದ ಮನುಷ್ಯ ನೀವು!"

ತಗಡು ಸದ್ದು ಮಾಡಿತೋ ಇಲ್ಲವೋ, ಆ ಹೊತ್ತಿನಲ್ಲಿ ಯಾರಿಗೂ ಕೇಳಿಸಲಿಲ್ಲ. ರೆಕಾರ್ಡಿಂಗ್‌ನವನು ಕೂತಲ್ಲೇ ಕುರ್ಚಿಯನ್ನು ಮೆಲ್ಲಗೆ ಆಚೆ ತಿರುಗಿಸಿಕೊಂಡ.

"ಏನಂದೆ?"

"ಕೇಳಿಸ್ಲಿಲ್ವಾ? ಆಗಲೂ ನಿಮಗೆ ಕೇಳಿಸ್ಲಿಲ್ಲ, ಈಗಲೂ ಕೇಳಿಸ್ತಿಲ್ಲ. ಅವರ ಗೋಡೆ ಪಕ್ಕ ಮಲಗ್ತಿದ್ದೋನು ನಾನು. ನಿಮಗೆ ರಾತ್ರಿ ಪಾಳಿ. ಕೂಗಿದಾಗ ಎದ್ದು ಹೋಗ್ತಿದ್ದಿದ್ದು ಅಕ್ಕ, ಇಲ್ಲಾಂದ್ರೆ ನಾನು. ಅತ್ತೆ ಬಾಯಿ ಒಂದು ಕಡೆ ಎಳೆದುಕೊಂಡಿತ್ತು. 'ಕೊಡು' ಅನ್ನೋಕೆ ಅವರಿಗೆ ಆಗ್ತಿರ್ಲಿಲ್ಲ ಭಾವ. ಬಾಯಿ ತೆರೆದ್ರೆ ಮುಚ್ಚೋಕೆ ಹೊತ್ತು ಹಿಡೀತಿತ್ತು. ಆ ತೆರೆದ ಬಾಯಲ್ಲಿ ದನಿ ಮೇಲೆ ಹೋಗಿ, ಅಲ್ಲೇ ನಿಂತು, ಇಳೀತಿತ್ತು. ನಾನು ಆ ಸಾಲಿಗೆ ಮಟ್ಟು ಹಾಕೇ ಇಲ್ಲ. ಅದು ಅವರದು. ಕೆಲಸ ಕೊಡು, ನೆರಳು ಕೊಡು ಅನ್ನೋದು ಗಟ್ಟಿ ಇರೋರ ಬಾಯಿ. ಅಲ್ಲಿ ಹ್ರಸ್ವ. 'ಬಾಯಿ ಸೋತ ಹೊತ್ತು' ಅಂತ ಬರೆದೋರು ನೀವೇ ಅಲ್ವಾ? ಸೋತ ಬಾಯಿಗೆ ಹ್ರಸ್ವ ಎಲ್ಲಿಂದ ಬರಬೇಕು?"

"ಸುಳ್ಳು," ಎಂದ ಭಾವ. "ದಿನಾ ಬೆಳಿಗ್ಗೆ ಬಂದು ಲೋಟ ಹಿಡಿದುಕೊಂಡು ಕೂರ್ತಿದ್ದೆ ನಾನು. ನನ್ನ ಕಿವಿಯಿಂದ ಕೇಳಿದೀನಿ. ಅಮ್ಮ 'ಕೊಡು' ಅಂತಿದ್ಲು. ಸ್ಪಷ್ಟವಾಗಿ. ಹೇಳೇ, ಹೇಳು ಇವನಿಗೆ. ನೀನಿದ್ದೆಯಲ್ಲ."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಈ ಮಾತನ್ನು ಅವಳು ಒಂದೆರಡು ಸಲ ಎತ್ತಲು ನೋಡಿದ್ದುಂಟು. ಕೋಡು ಎಂಬ ಸದ್ದು ಕಿವಿಗೆ ಬಿದ್ದರೆ ಗಂಡ ಊಟ ಬಿಟ್ಟು ಏಳುತ್ತಿದ್ದ. ಅವನಿಗೆ ಗೊತ್ತಿದೆ, ಗೊತ್ತಿದ್ದೇ ನೋಯುತ್ತಿದ್ದಾನೆ ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಗೊತ್ತೇ ಇಲ್ಲದಿರಬಹುದು ಎಂಬುದು ಅವಳಿಗೂ ಇವತ್ತೇ ಹೊಳೆದದ್ದು.

ಅವಳು ಬೆಂಚಿನ ಮೇಲೆ ಒಂದು ಕಡೆಗೆ ವಾಲಿದಳು. ಬಲಗೈಯನ್ನು ಮಡಿಲಲ್ಲಿ ಜೀವವಿಲ್ಲದ್ದರಂತೆ ಬಿಟ್ಟಳು. ಎಡಗೈಯನ್ನು, ಬೆರಳು ಸ್ವಲ್ಪ ಬಾಗಿಸಿ, ಮುಂದೆ ಚಾಚಿದಳು. ಅತ್ತೆಯನ್ನು ಅಣಕಿಸುತ್ತಿದ್ದೇನೆ ಎಂಬ ಅಳುಕು ಅವಳ ಮುಖದಲ್ಲಿತ್ತು. ಮನಸ್ಸಿನಲ್ಲೇ ತಪ್ಪಾಯಿತು ಎಂದು ಹೇಳಿಕೊಂಡಿರಬೇಕು.

"ಕೋ... ಡು," ಎಂದಳು.

ಹಾಡಲಿಲ್ಲ, ಬರಿದೇ ಅಂದಳು. ಆದರೆ ದನಿ ಹತ್ತಿತು, ನಿಂತಿತು, ಇಳಿಯಿತು.

ಭಾವ ನಿಂತಲ್ಲೇ ನಿಂತಿದ್ದ.

ಮುದ್ರಣಾಲಯದಲ್ಲಿ ಬಹಳ ವರ್ಷ ದುಡಿದವರಿಗೆ ಒಂದು ಕಾಯಿಲೆ ಅಂಟುತ್ತದೆ. ಬೀದಿಯ ಗೋಡೆಬರಹವನ್ನೂ ಅವರು ತಪ್ಪಿದ್ದರೆ ಇದ್ದ ಹಾಗೇ ಓದಲಾರರು. ಕಣ್ಣು ತಿದ್ದಿಕೊಂಡೇ ಓದುತ್ತದೆ. ಕಿವಿಗೂ ಅದು ಹರಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಲೋಟ ಹಿಡಿದ ಆ ಬೆಳಗುಗಳು ಈಗ ಒಂದೊಂದಾಗಿ ಬಂದವು. ತಾಯಿಯ ತುಟಿಯ ಎಡತುದಿ ಮಾತ್ರ ಅಲುಗುತ್ತಿದ್ದದ್ದು, ಬಾಯಿ ತೆರೆದದ್ದು ತೆರೆದೇ ಇರುತ್ತಿದ್ದದ್ದು, ಆ ಹೊತ್ತಿನಲ್ಲಿ ಅವಳ ಕಣ್ಣು ಅವನ ಮುಖವನ್ನೇ ಹುಡುಕುತ್ತಿದ್ದದ್ದು. ಅವಳ ಬಾಯಿಂದ ಬಂದದ್ದು ಏನಾದರೂ ಇರಲಿ, ಅವನು ಕೇಳಿಸಿಕೊಂಡದ್ದು ತಾನೇ ತಿದ್ದಿದ ಶುದ್ಧ ಪಾಠವನ್ನು. ಆಮೇಲೆ ಆ ಶುದ್ಧ ಪಾಠವನ್ನೇ ತಾಯಿ ಎಂದು ಕಾಪಾಡಿಕೊಂಡು ಬಂದಿದ್ದ. ಅದಕ್ಕಾಗಿ ಭಾವಮೈದುನನ ಮೇಲೆ ಹಗೆ ಸಾಧಿಸಿದ್ದ.

ಮಂದಿರದಲ್ಲಿ ಹಾಡು ಮೊದಲು ಕೇಳಿಬಂದ ದಿನ, ಆ ಕೊನೆಯ ಸ್ವರ ಮೇಲೇರಿದಾಗ, ತನ್ನ ತಾಯಿಯೇ ಕೈ ಚಾಚಿ ಕೇಳುತ್ತಿದ್ದಳು. ಊರೆಲ್ಲ ನಗುತ್ತಿದ್ದಾಗ ಒಬ್ಬನಾದರೂ ಅವಳ ದನಿ ಗುರುತಿಸಬೇಕಿತ್ತು. ಗುರುತಿಸಬೇಕಾದವನು ಮಗ.

"ನಿನ್ನ ಭಾವನಿಗೆ ನಾಚಿಕೆ ಏನೂ ಇರ್ಲಿಲ್ಲ ಕಣೋ," ಎಂದಳು ಅಕ್ಕ ತಮ್ಮನಿಗೆ, ಮೆಲ್ಲಗೆ. "ಗೊತ್ತೇ ಇರ್ಲಿಲ್ಲ ಅನ್ಸತ್ತೆ."

ಇಷ್ಟು ವರ್ಷ ಮೈದುನನೂ ಭಾವನ ಸಿಟ್ಟನ್ನು ನಾಚಿಕೆ ಎಂದು ತಪ್ಪಾಗಿಯೇ ಓದಿಕೊಂಡಿದ್ದ. ಆದರೂ ಹಗೆ ಎನ್ನುವುದು ಮಾಡಿನ ತಗಡಲ್ಲ, ಗಾಳಿ ನಿಂತ ಕೂಡಲೇ ಸುಮ್ಮನಾಗಲು. "ಗೊತ್ತಿಲ್ಲದಿದ್ರೆ ಕೇಳ್ಬೇಕಿತ್ತು," ಎಂದ ಗಡುಸಾಗಿ. "ಒಂದು ಸಲ ಕೇಳ್ಬೇಕಿತ್ತು."

"ನೀನು ಹೇಳ್ಬೇಕಿತ್ತು," ಎಂದ ಭಾವ, ಅಷ್ಟೇ ಗಡುಸಾಗಿ.

"ಹೇಳೋಕೆ ಬಿಟ್ರಾ? ಕವೆ ಕಿತ್ಕೊಂಡು ಬೀಗ ಹಾಕಿದ್ರಲ್ಲ."

ಭಾವ ಜೇಬಿನಿಂದ ಕೆಂಪು ಪೆನ್ನು ತೆಗೆದು ಸ್ಟ್ಯಾಂಡಿನ ಕಡೆ ನಡೆದ.

"ಹೂಂ, ತಿದ್ದಿ!" ಎಂದ ಮೈದುನ. "ಇನ್ನೂ ತೃಪ್ತಿ ಆಗಿಲ್ಲ ಅಲ್ವಾ? ತಿದ್ದಿ, ಹಾಳೆ ಹರಿಯೋವರೆಗೂ ತಿದ್ದಿ!"

ಭಾವ ಬಗ್ಗಿ, ಬೆಳಿಗ್ಗೆ ತಾನೇ ಹೊಡೆದುಹಾಕಿದ್ದ ಆ ಪೆನ್ಸಿಲಿನ ದೀರ್ಘದ ಕೆಳಗೆ ಚುಕ್ಕೆ ಇಟ್ಟ. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ರಂಗೋಲಿಗೆ ಇಡುವಷ್ಟೇ ಜತನದಿಂದ ಇಟ್ಟು, ಪೆನ್ನಿನ ಮುಚ್ಚಳ ಹಾಕಿ, ಹಿಂದೆ ಸರಿದು ನಿಂತ.

ಮೈದುನ ಹತ್ತಿರ ಹೋಗಿ ನೋಡಿದ. "ಇದೇನಿದು ಚುಕ್ಕೆ?" ಎಂದ, ಗುಮಾನಿಯಿಂದ. "ಅಕ್ಕ, ಏನಿದು? ಹೊಸದೇನಾದ್ರೂ ಬೈಗುಳಾನಾ?"

ಪ್ರೂಫು ನೋಡುವವನ ಹೆಂಡತಿಗೆ ಆ ಗುರುತು ಗೊತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಹರಡಿದ ಎಷ್ಟೋ ಹಾಳೆಗಳಲ್ಲಿ ನೋಡಿದ್ದಳು. ತನ್ನ ಗಂಡನ ಕೈಯಿಂದ ಅದು ಬಿದ್ದದ್ದು ಮಾತ್ರ ಬಹಳ ಅಪರೂಪ.

"ಹೊಡೆದಿದ್ದು ತಪ್ಪು ಅಂತ," ಎಂದಳು. "ಮೊದಲು ಹೇಗಿತ್ತೋ ಹಾಗೇ ಇರ್ಲಿ ಅಂತ."

ಮೈದುನ ಹಾಳೆಯನ್ನೇ ನೋಡುತ್ತ ನಿಂತ. "ಜನ ಮತ್ತೆ ನಗ್ತಾರೆ," ಎಂದ, ಯಾರಿಗೆ ಎಂದಿಲ್ಲದೆ.

"ನಗ್ಲಿ," ಎಂದ ಭಾವ. "ಇದು ಹೋಗೋದು ಹಾಸಿಗೆ ಹಿಡಿದವರ ಮನೆಗೆ. ಅವರು ನಗಲ್ಲ."

ಗಾಜಿನಾಚೆ ರೆಕಾರ್ಡಿಂಗ್‌ನವನು ಕೈ ಎತ್ತಿ ಮಾಡಿನ ಕಡೆ ಬೆರಳು ತೋರಿಸಿದ. ಆಗಲೇ ಅವರಿಗೂ ಗಮನಕ್ಕೆ ಬಂದದ್ದು. ತಗಡು ಸುಮ್ಮನಾಗಿತ್ತು. ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಜಗಳವನ್ನು ಮುಗಿಸಲೆಂದು ಗಾಳಿ ನಿಂತಿತೋ, ಜಗಳ ಮುಗಿಯಲೆಂದೇ ಇಷ್ಟು ಹೊತ್ತು ಬೀಸಿತೋ, ಅದನ್ನು ಬೀಸಿಸಿದವನೇ ಬಲ್ಲ.

"ಬೇಗ ಬೇಗ," ಎಂದ ರೆಕಾರ್ಡಿಂಗ್‌ನವನು. "ಮತ್ತೆ ಶುರುವಾಗೋದ್ರೊಳಗೆ ಒಂದು ಸಲ ಹಾಡಿಬಿಡಿ ಅಮ್ಮ."

ಅಕ್ಕ ಎದ್ದು ಮೈಕಿನ ಮುಂದೆ ನಿಂತಳು. ಕಣ್ಣು ಮುಚ್ಚಿ ಕ್ಷಣಹೊತ್ತು ತುಟಿ ಅಲುಗಿಸಿದಳು. ಅದು ಅವಳ ರೂಢಿ. "ಶ್ರುತಿ ಕೊಡೋ," ಎಂದಳು ತಮ್ಮನಿಗೆ.

ಮೈದುನ ಕೆಳಗಿಟ್ಟ ತನ್ನ ಚೀಲದತ್ತ ಬಗ್ಗಿದ. ಆಮೇಲೆ ಕೊಂಡ ಕವೆ ಅದರಲ್ಲಿತ್ತು. ಸ್ವರ ಸರಿಯಾಗಿಯೇ ನುಡಿಯುತ್ತಿದ್ದ, ಆದರೆ ಅವನು ಎಂದೂ ಮನಸ್ಸು ಕೊಡದ ಕವೆ. ಚೀಲದ ದಾರ ಬಿಚ್ಚುತ್ತಿದ್ದವನ ಕಣ್ಣೆದುರಿಗೆ ಒಂದು ಕೈ ಬಂತು. ಕೈಯಲ್ಲಿ ಕರವಸ್ತ್ರ, ಕರವಸ್ತ್ರದ ಮಡಿಕೆಯೊಳಗೆ ಗುರುವಿನ ಕವೆ. ಖಾನೆಯಲ್ಲಿ ಬಿದ್ದಿದ್ದರೂ ತುಕ್ಕು ಹಿಡಿದಿರಲಿಲ್ಲ. ಆಗಾಗ ಯಾರೋ ಎಣ್ಣೆ ಒರೆಸಿದ್ದರು.

ಮೈದುನ ತಲೆಯೆತ್ತಲಿಲ್ಲ. ಭಾವ ಬಾಯಿ ಬಿಡಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು, ಅದು ಖಾಲಿಯಾಗುವವರೆಗೆ.